ವಾಲ್ಡನ್ ಕೊಳದ ಹೆಸರೂ ನೀರೂ

ಅಮೆರಿಕಾ ಸಂಯುಕ್ತ ಸಂಸ್ಥಾನದ ಈಶಾನ್ಯ ಮೂಲೆಯಲ್ಲಿ ಮಸಾಚುಸೆಟ್ಸ್ ಎಂಬ ಪ್ರಾಂತವಿರುವುದಷ್ಟೆ. ಆ ಪ್ರಾಂತದ ಮುಖ್ಯ ನಗರವಾದ ಬಾಸ್ಟನ್ನಿಗೆ ವಾಯವ್ಯದಲ್ಲಿ, ಸುಮಾರು 20 ಮೈಲಿಗಳ ದೂರದಲ್ಲಿ ಕಾಂಕರ್ಡ್ ಎಂಬ ಊರಿದೆ. ಊರಿನಿಂದ ದಕ್ಷಿಣಕ್ಕೆ ಒಂದೂವರೆ ಮೈಲಿ ನಡೆದರೆ ಪೈನ್ ಮತ್ತು ಓಕ್ ಮರಗಳ ಕಾಡಿನ ನಡುವೆ ಒಂದು ಕೊಳ ಕಾಣಿಸುತ್ತದೆ. ಅದರ ವಿಸ್ತೀರ್ಣ 61 ಎಕರೆ. ಅತ್ಯಂತ ಆಳವಾದ ಕಡೆ 102 ಅಡಿ. ದಡವನ್ನು ಹಿಡಿದು ಒಂದು ಸುತ್ತು ಬರುವುದಕ್ಕೆ ಮುಕ್ಕಾಲು ಗಂಟೆಯ ನಡಿಗೆ ಸಾಕಾದೀತು. ನಮ್ಮ ನಾಡಿನ ದೊಡ್ಡ ಕೆರೆಗಳ ಮುಂದೆ ಇದು ಅಂಗೈಯಗಲದ ನೀರು. ಇದಕ್ಕಿಂತ ವಿಶಾಲವೂ ಸುಂದರವೂ ಆದ ಜಲಾಶಯಗಳು ಆ ಪ್ರಾಂತದಲ್ಲಿಯೇ ಹಲವಾರಿವೆ. ಆದರೂ ಅವುಗಳ ಹೆಸರನ್ನು ಕೇಳಿದವರು ವಿರಳ. ವಾಲ್ಡನ್ ಎಂಬ ಹೆಸರನ್ನು ಕೇಳದ ವಿದ್ಯಾವಂತರು ಎಲ್ಲಿಯೂ ವಿರಳ. ಹೆನ್ರಿ ಡೇವಿಡ್ ಥೋರೊ ಎಂಬ ಕಾಂಕರ್ಡಿನ ನಿವಾಸಿಯು 1845ನೆಯ ಜುಲೈ 4ರಿಂದ 1847ನೆಯ ಸೆಪ್ಟೆಂಬರು 6ರ ವರೆಗೆ ಈ ಕೊಳದ ದಡದಲ್ಲಿ ತಾನೇ ಕಟ್ಟಿಕೊಂಡ ಗುಡಿಸಲಿನಲ್ಲಿ ವಾಸಮಾಡಿ, 1854ರಲ್ಲಿ ಕೊಳದ ಹೆಸರಿನಿಂದಲೇ ಒಂದು ಗ್ರಂಥವನ್ನು ಪ್ರಕಟಿಸಿದುದೇ ಇದಕ್ಕೆ ಕಾರಣ. ಗ್ರಂಥದ ವಿಷಯವಾಗಿ ಬರೆದವರು ಅನೇಕರು. ಗ್ರಂಥಕ್ಕೆ ಹೆಸರು ಕೊಟ್ಟ ನೀರಿನ ಕಥೆ, ಆ ಹೆಸರು ಮರಳಿ ನೀರಿಗೆ ಮಾಡಿದುದೇನೆಂಬ ಕಥೆ, ಅಷ್ಟಾಗಿ ಪ್ರಚಾರದಲ್ಲಿಲ್ಲ.

ಈ ಕೊಳಕ್ಕೆ ಒಂದು ಹಳ್ಳವೂ ಬಂದು ಸೇರುವುದಿಲ್ಲ. ಇದರಿಂದ ಒಂದು ತೊರೆಯೂ ಹೊರಡುವುದಿಲ್ಲ. ನೀರು ಎಲ್ಲಿಂದ ಬಂದಿತು, ಎಲ್ಲಿಗೆ ಹೋಗುತ್ತದೆ ಎಂಬುದು ದಡದಲ್ಲಿ ನಿಂತವನಿಗೆ ತೋರುವಂತಿಲ್ಲ. ಇದಕ್ಕೆ ತಳವೇ ಇಲ್ಲವೆಂದು ಊರಿನವರು ಬಹುಕಾಲ ನಂಬಿದ್ದುದರಲ್ಲಿ ಆಶ್ಚರ್ಯವಿಲ್ಲ. ಭೂವಿಜ್ಞಾನಿಗಳು ಹೇಳುವ ಜನ್ಮವೃತ್ತಾಂತವಾದರೋ ಹೀಗಿದೆ: ಕಡೆಯ ಹಿಮಯುಗದಲ್ಲಿ ಆ ಸೀಮೆಯೆಲ್ಲವೂ ದಪ್ಪನಾದ ಹಿಮರಾಶಿಯ ಅಡಿಯಲ್ಲಿ ಹುದುಗಿದ್ದಿತು. ಹತ್ತು ಸಾವಿರ ವರ್ಷಗಳಿಗೂ ಹಿಂದೆ ಆ ರಾಶಿಯು ಉತ್ತರಕ್ಕೆ ಹಿಂಜರಿಯುತ್ತಿದ್ದಾಗ, ಅದರ ಅಂಚಿನಿಂದ ಕಳಚಿದ ಬೆಟ್ಟದಂತಹ ಹಿಮದ ತುಂಡೊಂದು ಇಲ್ಲಿ ಉಳಿದುಕೊಂಡಿತು. ಕರಗುನೀರು ಹೊತ್ತು ತಂದ ಮರಳೂ ಜಲ್ಲಿಯೂ ಅದರ ಸುತ್ತ ತುಂಬಿದುವು, ಮೇಲೆಯೂ ಮುಚ್ಚಿದುವು. ಮರಳಿನೊಳಗೆ ಹೂತ ಹಿಮವು ಬಹು ನಿಧಾನವಾಗಿ ಕರಗಿತು. ಅದು ಕರಗಿದಷ್ಟೂ ಮೇಲಿನ ನೆಲ ಕುಸಿಯಿತು. ಕಡೆಗೆ ಹಿಮವಿದ್ದ ಸ್ಥಳದಲ್ಲಿ ಕಡಿದಾದ ದಡಗಳ ಗುಂಡಿಯೊಂದು ಉಳಿದು, ಅಂತರ್ಜಲವು ಅದನ್ನು ತುಂಬಿತು. ಬಚ್ಚಲಮನೆಯ ಹಂಡೆಯಂತಿರುವ ಇಂತಹ ಗುಂಡಿಗಳಿಗೆ ಆ ಶಾಸ್ತ್ರದವರು ಹಂಡೆಯ ಹೆಸರನ್ನೇ ಇಟ್ಟಿದ್ದಾರೆ.

ಈಗ ಊರಿನ ಹಳಬರು ಹೇಳುತ್ತಿದ್ದ ಕಥೆಯನ್ನು ಕೇಳಬೇಕು. ಥೋರೊ ಅದನ್ನು ತನ್ನ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಪೂರ್ವಕಾಲದಲ್ಲಿ ಇಲ್ಲೊಂದು ಗುಡ್ಡವಿದ್ದಿತಂತೆ. ಕೊಳವು ಈಗ ಎಷ್ಟು ಆಳವಾಗಿದೆಯೋ ಗುಡ್ಡವು ಅಷ್ಟೇ ಎತ್ತರವಾಗಿದ್ದಿತಂತೆ. ಆ ದೇಶದ ಮೂಲನಿವಾಸಿಗಳು ಅದರ ಮೇಲೆ ಕೂಟ ನೆರೆದು ಆಡಬಾರದ ಮಾತುಗಳನ್ನಾಡಲು, ಗುಡ್ಡವು ನಡುಗಿ ಒಮ್ಮೆಲೇ ಕುಸಿದುಹೋಯಿತಂತೆ. ಬದುಕಿ ಉಳಿದವಳು ವಾಲ್ಡನ್ ಎಂಬ ಮುದುಕಿಯೊಬ್ಬಳು. ಅವಳ ಹೆಸರೇ ಕೊಳದ ಹೆಸರಾಯಿತು. ಗುಡ್ಡವು ನಡುಗಿದಾಗ ಉರುಳಿದ ಕಲ್ಲುಗಳೇ ದಡದ ಸುತ್ತ ಈಗ ಕಾಣುವ ಕಲ್ಲುಗಳು. ಕಥೆಯನ್ನು ಕಟ್ಟಿದವರಿಗೆ ಹಿಮಯುಗದ ಸುದ್ದಿ ಗೊತ್ತಿರಲಿಲ್ಲ. ಆದರೂ ಎತ್ತರವಾಗಿದ್ದುದೊಂದು ಇಲ್ಲಿ ಕುಸಿದು ಆಳವಾಯಿತು, ಆ ಕುಸಿತದಲ್ಲಿ ಕಲ್ಲುಗಳು ದಡವಾದುವು ಎಂಬ ಅದರ ಮುಖ್ಯಾಂಶವು ವಿಜ್ಞಾನದ ವೃತ್ತಾಂತಕ್ಕೆ ಅಷ್ಟೇನೂ ದೂರವಾಗಿಲ್ಲ. ಸ್ವಯಂ ಥೋರೊವಿನ ಗ್ರಂಥದಲ್ಲಿ ಕೊಳವು ಹಿಮದಿಂದ ಹುಟ್ಟಿತೆಂಬ ಮಾತಿಲ್ಲ. ಹಿಮಯುಗದ ಸಿದ್ಧಾಂತವನ್ನು 1840ರ ಗ್ರಂಥದಲ್ಲಿ ಸಾಧಿಸಿದ ಲೂಯಿ ಅಗಾಸಿಜ್ ಎಂಬ ಪಂಡಿತನು 1846ರಲ್ಲಿ ಅಮೆರಿಕಾ ದೇಶಕ್ಕೆ ಬಂದಿದ್ದನು. ಮರುವರ್ಷ ಥೋರೊ ಅವನಿಗಾಗಿ ಕಾಂಕರ್ಡಿನ ಮೀನುಗಳನ್ನೂ ಆಮೆಗಳನ್ನೂ ಹಿಡಿದು ಕಳುಹಿಸಿಕೊಟ್ಟನು. ಮೀನುಗಳು ಪಂಡಿತನ ಕಡೆಗೆ ಹೋದುವು. ಸಿದ್ಧಾಂತವು ಕೊಳದ ಕಡೆಗೆ ಬರಲಿಲ್ಲ.

ಮುದುಕಿಯ ಕಥೆಯನ್ನು ಥೋರೊ ನಂಬಿದ್ದನೆಂದು ತಿಳಿಯಬೇಕಾಗಿಲ್ಲ. ದಡದ ಕಲ್ಲುಗಳು ಕೋಟೆಗೋಡೆಯಂತೆ ಕೊಳವನ್ನು ಆವರಿಸಿರುವುದರಿಂದ, ಗೋಡೆಯೊಳಗಣ ಕೊಳ ಎಂಬರ್ಥದ ಇಂಗ್ಲಿಷ್ ಮಾತೇ ಸವೆದು ವಾಲ್ಡನ್ ಆಗಿರಬಹುದೆಂದು ಅವನು ಒಂದು ವಿನೋದದ ವ್ಯುತ್ಪತ್ತಿಯನ್ನೂ ಹೇಳುತ್ತಾನೆ. ಇದು ಪದಚಮತ್ಕಾರವೇ ಹೊರತು ಶಾಸ್ತ್ರವಲ್ಲ. ಅವನೇ ಸೂಚಿಸುವ ಮೂರನೆಯ ದಾರಿಯು ಹೆಚ್ಚು ಸಂಭವನೀಯ. ಇಂಗ್ಲೆಂಡಿನ ಎಸೆಕ್ಸ್ ಸೀಮೆಯಲ್ಲಿ ಸ್ಯಾಫ್ರನ್ ವಾಲ್ಡನ್ ಎಂಬ ಊರಿದೆ. ಅಲ್ಲಿ ಹಿಂದೆ ಕೇಸರಿಯ ಬೆಳೆ ಹೇರಳವಾಗಿದ್ದುದರಿಂದ ಮೊದಲ ಪದವು ಅಂಟಿಕೊಂಡಿತು. ಮೂಲದ ಹೆಸರು ವಾಲ್ಡನ್ ಎಂಬಷ್ಟೇ. ಕಾಂಕರ್ಡಿನ ಮೈನಾಟ್ ಎಂಬ ಮನೆತನದ ಪೂರ್ವಿಕರು ಆ ಕಡೆಯವರೆಂಬುದನ್ನು ಥೋರೊ ಗ್ರಂಥ ಪ್ರಕಟವಾದ ಮೇಲೆ ಕಂಡುಕೊಂಡು ತನ್ನ ದಿನಚರಿಯಲ್ಲಿ ಗುರುತುಮಾಡಿದನು. ಸಮುದ್ರ ದಾಟಿ ಬಂದ ಒಕ್ಕಲುಗಳು ಬಿಟ್ಟುಬಂದ ಊರುಗಳ ಹೆಸರನ್ನು ಹೊಸ ನೆಲದ ಮೇಲೆ ಇಡುವುದು ಎಲ್ಲ ದೇಶಗಳಲ್ಲಿಯೂ ಉಂಟು. ಕಾಂಕರ್ಡಿನ ಸುತ್ತಣ ಪ್ರದೇಶಕ್ಕೆ ಮೂಲನಿವಾಸಿಗಳು ಹುಲ್ಲುಗಾವಲಿನ ನದಿ ಎಂಬರ್ಥದಲ್ಲಿ ಮಸ್ಕೆಟಾಕ್ವಿಡ್ ಎಂದು ಹೇಳುತ್ತಿದ್ದರು. 1635ರಲ್ಲಿ ಅಲ್ಲಿ ನೆಲೆಸಿದ ಇಂಗ್ಲಿಷರು ಸೌಹಾರ್ದ ಎಂಬರ್ಥದ ಕಾಂಕರ್ಡ್ ಎಂಬ ಹೆಸರನ್ನಿಟ್ಟರು. ಹುಲ್ಲೂ ನದಿಯೂ ಕಣ್ಣಿಗೆ ಕಂಡ ವಸ್ತುಗಳು. ಸೌಹಾರ್ದವು ಬಂದವರ ಹಾರೈಕೆ.

ವಾಲ್ಡನ್ ಎಂಬ ಪದವನ್ನು ಇನ್ನೂ ಹಿಂದಕ್ಕೆ ಬೆನ್ನಟ್ಟಿದರೆ ಒಂದು ವಿಶೇಷವು ದೊರೆಯುತ್ತದೆ. ಹಳೆಯ ಇಂಗ್ಲಿಷ್ ಭಾಷೆಯಲ್ಲಿ ಅದು ಎರಡು ಪದಗಳ ಸಮಾಸ. ಉತ್ತರಪದಕ್ಕೆ ಕಣಿವೆ ಎಂದರ್ಥ. ಪೂರ್ವಪದಕ್ಕೆ ಪರಕೀಯ ಎಂದರ್ಥ. ಜರ್ಮನಿಯ ಕಡೆಯಿಂದ ಬಂದ ಆಂಗ್ಲರು, ತಮಗಿಂತ ಮೊದಲೇ ಆ ದ್ವೀಪದಲ್ಲಿದ್ದ ಬ್ರಿಟನ್ನರನ್ನು ಪರಕೀಯರೆಂದು ಕರೆದರು. ವೇಲ್ಸ್ ದೇಶದ ಇಂಗ್ಲಿಷ್ ಹೆಸರೂ ಇದೇ ಧಾತುವಿನದು. ನೆಲದ ಹಳೆಯ ಮಕ್ಕಳನ್ನು ಹೊಸಬರು ಪರದೇಶಿಗಳೆಂದು ಕರೆದ ಆ ಹೆಸರು, ಅದೇ ತರದ ಇನ್ನೊಂದು ನೆಲದ ಮೇಲೆ ಸಾವಿರ ವರ್ಷಗಳ ಅನಂತರ ಬಂದು ಕುಳಿತಿತು. ವಾಲ್ಡನ್ನಿನ ಕಾಡಿನಲ್ಲಿ ಥೋರೊವಿಗಿಂತ ಮುಂಚೆ ವಾಸವಾಗಿದ್ದವರು ಯಾರು ಎಂದು ನೋಡಿದರೂ ಈ ಅರ್ಥವು ಹೊಂದಿಕೆಯಾಗುತ್ತದೆ. ಊರಿನಲ್ಲಿ ನೆಲವಿಲ್ಲದವರು ಅಲ್ಲಿದ್ದರು. ಕೇಟೊ ಇಂಗ್ರಹಾಂ, ಜಿಲ್ಫಾ ವೈಟ್, ಬ್ರಿಸ್ಟರ್ ಫ್ರೀಮನ್ ಎಂಬುವರು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಆಫ್ರಿಕಾ ಮೂಲದ ಜನ. ಜಿಲ್ಫಾ ಎಂಬಾಕೆ ನೂಲು ತೆಗೆದು ಜೀವಿಸುತ್ತಿದ್ದಳು. ಬ್ರಿಸ್ಟರನು ಅಮೆರಿಕಾದ ಸ್ವಾತಂತ್ರ್ಯಯುದ್ಧದಲ್ಲಿ ಸೇವೆ ಸಲ್ಲಿಸಿ ಬಂದು ಒಂದು ಎಕರೆಯಷ್ಟು ನೆಲವನ್ನು ಕೊಂಡುಕೊಂಡವನು. ಸ್ವತಂತ್ರ ಮನುಷ್ಯ ಎಂಬರ್ಥದ ಫ್ರೀಮನ್ ಎಂಬ ಉಪನಾಮವನ್ನು ತಾನೇ ಧರಿಸಿದವನು. ಅವನಿದ್ದ ದಿಣ್ಣೆಯನ್ನು ಇಂದಿಗೂ ಬ್ರಿಸ್ಟರನ ದಿಣ್ಣೆ ಎಂದೇ ಕರೆಯುತ್ತಾರೆ. ಭೂಪಟದ ಮೇಲೆ ಹೆಸರು ನಿಲ್ಲುವ ಭಾಗ್ಯವು ಅವನಿಗೆ ಬರಿಯ ಒಂದು ಎಕರೆಯಿಂದ ಬಂದುದು ಸಾಮಾನ್ಯವಲ್ಲ.

ಹೆಸರಿಡುವ ವಿಷಯದಲ್ಲಿ ಥೋರೊ ಬಹು ನಿಷ್ಠುರನಾಗಿದ್ದನು. ವಾಲ್ಡನ್ನಿಗೆ ಪೂರ್ವದಲ್ಲಿ ಒಂದು ಮೈಲಿಯ ಆಚೆ ಲಿಂಕನ್ ಎಂಬ ಊರಿನ ಎಲ್ಲೆಯಲ್ಲಿ ಫ್ಲಿಂಟನ ಕೊಳ ಎಂಬ ಇನ್ನೂ ದೊಡ್ಡ ಜಲಾಶಯವಿದೆ. ದಡದಲ್ಲಿ ಹೊಲಮಾಡಿದ ರೈತನ ಮನೆತನದ ಹೆಸರು ಅದಕ್ಕೆ ಬಂದಿತ್ತು. ಇದನ್ನು ಕಂಡು ಅವನಿಗೆ ಬಂದ ಕೋಪವು ಆ ಗ್ರಂಥದಲ್ಲಿಯೇ ಅತ್ಯಂತ ಕಟುವಾದ ಪುಟಗಳಲ್ಲೊಂದು. ಕೊಳವನ್ನು ಒಮ್ಮೆಯೂ ಕಣ್ತುಂಬ ನೋಡದವನು, ಅದರಲ್ಲಿ ಮೀಯದವನು, ಅದನ್ನು ಬತ್ತಿಸಿ ತಳದ ಗೋಡನ್ನು ಮಾರಿದರೆ ಎಷ್ಟು ಬಂದೀತೆಂದು ಎಣಿಸುವವನು ಅದಕ್ಕೆ ತನ್ನ ಹೆಸರಿಡಲು ಯಾರು ಎಂಬುದು ಅವನ ಆಕ್ಷೇಪಣೆಯ ಸಾರ. ಅಲ್ಲಿ ಈಜುವ ಮೀನಿನ, ಅಲ್ಲಿಗೆ ಬರುವ ಹಕ್ಕಿಯ, ದಡದಲ್ಲಿ ಅರಳುವ ಹೂವಿನ ಹೆಸರನ್ನಾದರೂ ಇಡಬಹುದಿತ್ತಲ್ಲ ಎಂದು ಅವನು ಕೇಳುತ್ತಾನೆ. ಆ ರೈತನಿಗೆ ಇದರಲ್ಲಿ ಅನ್ಯಾಯವೇ ಆಗಿರಬಹುದು. ಹೊಲದ ಒಡೆಯನ ಹೆಸರು ಪಕ್ಕದ ನೀರಿಗೆ ತಾನಾಗಿ ಹತ್ತಿಕೊಳ್ಳುವುದೇ ಹೊರತು ಅವನು ಅರ್ಜಿ ಹಾಕಿ ಪಡೆದುದಲ್ಲ. ಆದರೆ ಫ್ಲಿಂಟನ ಕೊಳಕ್ಕೆ ಮುಂದೆ ಬಂದ ಗತಿಯೇ ಬೇರೆ. ಅದನ್ನು ಕಡೆಯಲ್ಲಿ ನೋಡಬೇಕಾಗಿದೆ.

ವಾಲ್ಡನ್ನಿಗೆ ತಳವಿಲ್ಲವೆಂಬ ಮಾತನ್ನು ಪರೀಕ್ಷಿಸಬೇಕೆಂದು ಥೋರೊ 1846ನೆಯ ವರ್ಷದ ಆದಿಯಲ್ಲಿ, ಕೊಳವು ಹೆಪ್ಪುಗಟ್ಟಿದ್ದಾಗ, ದಿಕ್ಸೂಚಿ ಸರಪಣಿ ಹಗ್ಗಗಳನ್ನು ತೆಗೆದುಕೊಂಡು ಅದರ ಮೇಲೆ ನಡೆದನು. ಅವನು ಮೋಜಣಿಯ ಕೆಲಸವನ್ನು ಬಲ್ಲವನು. ಮುಂದೆ ಅದೇ ಅವನ ಜೀವನೋಪಾಯವೂ ಆಯಿತು. ಮಂಜುಗಡ್ಡೆಯಲ್ಲಿ ನೂರಕ್ಕೂ ಮಿಕ್ಕಿ ತೂತುಗಳನ್ನು ಕೊರೆದು, ಮೀನುಗಾರರ ಹುರಿಗೆ ಒಂದೂವರೆ ಪೌಂಡಿನ ಕಲ್ಲು ಕಟ್ಟಿ ಇಳಿಬಿಟ್ಟು, ಕೈಗೆ ಭಾರವು ಯಾವಾಗ ಹಗುರವಾಗುವುದೆಂದು ನೋಡಿ ಆಳವನ್ನು ಅಳೆದನು. ದೊರೆತ ಅಂಕ 102 ಅಡಿ. ಒಂದು ಶತಮಾನದ ತರುವಾಯ, ಎಡ್ವರ್ಡ್ ಡೀವಿ ಎಂಬ ವಿಜ್ಞಾನಿಯು ಕೊಳವನ್ನು ಮತ್ತೆ ಪರೀಕ್ಷಿಸಿ 1942ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಥೋರೊವಿನ ಅಳತೆಗಳು ನೆಚ್ಚತಕ್ಕವು ಎಂದು ಕಂಡು, ಸರೋವರಶಾಸ್ತ್ರವನ್ನು ಆ ದೇಶದಲ್ಲಿ ಮೊದಲು ಅಭ್ಯಾಸಮಾಡಿದವರ ಸಾಲಿಗೆ ಅವನನ್ನು ಸೇರಿಸಿದನು. ನೀರಿನ ನಿರ್ಮಲತೆಗೆ ಥೋರೊ ಕೊಡುವ ಸಾಕ್ಷ್ಯವು ಇನ್ನೂ ಸ್ವಾರಸ್ಯವಾದುದು. ಒಂದು ಚಳಿಗಾಲದಲ್ಲಿ ಅವನ ಕೊಡಲಿಯು ಮಂಜುಗಡ್ಡೆಯ ಮೇಲೆ ಜಾರಿ ತೂತಿನೊಳಕ್ಕೆ ಬಿದ್ದುಹೋಯಿತು. ಅಲ್ಲಿ ಆಳ 25 ಅಡಿ. ಅವನು ಬೋರಲು ಮಲಗಿ ಇಣಿಕಿ ನೋಡಿದಾಗ ಕೊಡಲಿಯು ತಲೆಯನ್ನು ಕೆಳಗೆ ಮಾಡಿ, ಕಾವು ಮೇಲಾಗಿ, ನೀರಿನಲ್ಲಿ ಮೆಲ್ಲಗೆ ತೂಗಾಡುತ್ತ ನೆಟ್ಟಗೆ ನಿಂತುದು ಸ್ಪಷ್ಟವಾಗಿ ಕಾಣಿಸಿತು. ಉದ್ದನೆಯ ಬರ್ಚ್ ಕೋಲಿನ ತುದಿಗೆ ಕುಣಿಕೆ ಕಟ್ಟಿ ಇಳಿಸಿ ಅದನ್ನು ಮೇಲಕ್ಕೆಳೆದುಕೊಂಡನು.

ಹಿಮದಿಂದ ಹುಟ್ಟಿದ ಕೊಳದ ಮಂಜುಗಡ್ಡೆಗೆ ಆ ವೇಳೆಗೆ ಬೆಲೆ ಬಂದಿದ್ದಿತು. ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು 1806ರಲ್ಲಿ ಮಾರ್ಟಿನಿಕ್ ದ್ವೀಪಕ್ಕೆ ಹಡಗಿನಲ್ಲಿ ಮಂಜುಗಡ್ಡೆಯನ್ನು ಕಳುಹಿಸಿ ಊರವರ ನಗೆಗೆ ಪಾತ್ರನಾದನು. ಆದರೆ 1833ನೆಯ ಮೇ ತಿಂಗಳಲ್ಲಿ ಬಾಸ್ಟನ್ ಬಿಟ್ಟ ಟಸ್ಕನಿ ಎಂಬ ಹಡಗು 180 ಟನ್ ಗಡ್ಡೆಯನ್ನು ಹೇರಿಕೊಂಡು, ಎರಡು ಬಾರಿ ಭೂಮಧ್ಯರೇಖೆಯನ್ನು ದಾಟಿ, ಸೆಪ್ಟೆಂಬರಿನಲ್ಲಿ ಕಲ್ಕತ್ತೆಯನ್ನು ಸೇರಿದಾಗ ಅದರಲ್ಲಿ ಸುಮಾರು 100 ಟನ್ ಉಳಿದಿದ್ದಿತು. ಅಂದಿನಿಂದ ನಗುವವರಿಲ್ಲವಾದರು. ಮರದ ಹೊಟ್ಟನ್ನು ಸುತ್ತ ತುಂಬಿ ಬಿಸಿಯನ್ನು ತಡೆಯುವುದೇ ಅದರ ಗುಟ್ಟು. ಮದ್ರಾಸಿನ ಸಮುದ್ರತೀರದಲ್ಲಿ 1842ರ ಸುಮಾರಿಗೆ ಟ್ಯೂಡರನ ಮಂಜುಗಡ್ಡೆಗಾಗಿಯೇ ದುಂಡನೆಯ ಕಟ್ಟಡವೊಂದು ಎದ್ದಿತು. ಯಂತ್ರದಿಂದ ಮಂಜುಗಡ್ಡೆಯನ್ನು ತಯಾರಿಸುವ ಕ್ರಮ ಬಂದ ಮೇಲೆ ಈ ವ್ಯಾಪಾರವು ಬಿದ್ದುಹೋಗಿ, ಕಟ್ಟಡವು ಬಿಳಿಗಿರಿ ಅಯ್ಯಂಗಾರ್ಯರೆಂಬ ವಕೀಲರ ವಶವಾಯಿತು. 1897ನೆಯ ಫೆಬ್ರವರಿಯಲ್ಲಿ ಸ್ವಾಮಿ ವಿವೇಕಾನಂದರು ಪಶ್ಚಿಮದಿಂದ ಮರಳಿ ಬಂದಾಗ ಅಲ್ಲಿಯೇ ತಂಗಿದ್ದರು. ಈಗ ಅದು ಅವರ ಹೆಸರಿನ ಸ್ಮಾರಕಮಂದಿರ. ಆದರೂ ಆ ಬಡಾವಣೆಗೆ ಐಸ್ ಹೌಸ್ ಎಂಬ ಹೆಸರು ಇನ್ನೂ ಬಿಟ್ಟಿಲ್ಲ. ಗಡ್ಡೆ ಕರಗಿ ನೂರು ವರ್ಷಗಳಿಗೆ ಮೇಲಾಯಿತು, ಹೆಸರು ಕರಗಲಿಲ್ಲ.

ಟ್ಯೂಡರನ ಕೂಲಿಯಾಳುಗಳು 1846-47ರ ಚಳಿಗಾಲದಲ್ಲಿ ವಾಲ್ಡನ್ನಿಗೆ ಬಂದರು. ಐರ್ಲೆಂಡಿನ ನೂರು ಮಂದಿ, ಅವರ ಮೇಲೆ ಅಮೆರಿಕಾದ ಮೇಸ್ತ್ರಿಗಳು. ಒಳ್ಳೆಯ ದಿನದಲ್ಲಿ ಒಂದು ಎಕರೆಯಿಂದ ಸಾವಿರ ಟನ್ ಗಡ್ಡೆಯನ್ನು ಕುಯ್ದು ತೆಗೆಯುತ್ತಿದ್ದರೆಂದು ಥೋರೊ ಬರೆಯುತ್ತಾನೆ. ಹೊಲವನ್ನು ಉಳುವವರಂತೆ ಅವರು ಕೊಳವನ್ನು ಗೀರಿ, ಗಡ್ಡೆಗಳನ್ನು 35 ಅಡಿ ಎತ್ತರಕ್ಕೆ ಒಟ್ಟಿ, ಮೇಲೆ ಹುಲ್ಲು ಹೊದಿಸಿ ಹಲಗೆ ಮುಚ್ಚಿದರು. ದಡದ ಮೇಲೆ ನಿಂತ ಆ ನೀಲಿ ಕೋಟೆಯಿಂದಾಗಿಯೇ ಅಲ್ಲಿನ ಕೊಲ್ಲಿಗೆ ಐಸ್ ಫೋರ್ಟ್ ಎಂಬ ಹೆಸರು ಬಂದಿತು. ಬೆಳಗಿನಲ್ಲಿ ಚಾರ್ಲ್ಸ್ ವಿಲ್ಕಿನ್ಸನು 1785ರಲ್ಲಿ ಇಂಗ್ಲಿಷಿಗೆ ಪರಿವರ್ತಿಸಿದ ಭಗವದ್ಗೀತೆಯನ್ನು ಓದುತ್ತಿದ್ದ ಥೋರೊವಿಗೆ, ಮದ್ರಾಸು ಮುಂಬಯಿ ಕಲ್ಕತ್ತೆಗಳ ಜನರು ತನ್ನ ಬಾವಿಯ ನೀರನ್ನೇ ಕುಡಿಯುವರಲ್ಲ ಎಂಬ ಭಾವನೆಯುಂಟಾಯಿತು. ಗಂಗೆಯ ತೀರದ ಬ್ರಾಹ್ಮಣನ ಸೇವಕನು ನೀರಿಗೆ ಬಂದಾಗ ತನ್ನ ಕೊಡಕ್ಕೆ ಅವನ ಕೊಡ ತಗುಲಿದಂತೆ ಕಂಡಿತು. ವಾಲ್ಡನ್ನಿನ ನೀರೂ ಗಂಗೆಯ ನೀರೂ ಕೂಡಿದುವು. ಓದಿದ ಭಾರತೀಯರಿಗೆ ರೋಮಾಂಚವಾಗುವ ಸ್ಥಳವಿದು. ಆದರೆ ವಸ್ತುಸ್ಥಿತಿಯನ್ನೂ ಥೋರೊವೇ ಮರೆಮಾಚದೆ ಹೇಳಿದ್ದಾನೆ. ಆ ರಾಶಿಯಲ್ಲಿ ಒಂದು ಪಾಲು ಮಾತ್ರ ಹೊರಗೆ ಹೋಯಿತು. ಮಿಕ್ಕುದು ಬಿಸಿಲಿಗೆ ಬಿದ್ದು, 1848ನೆಯ ಸೆಪ್ಟೆಂಬರಿನ ವರೆಗೂ ಪೂರ್ತಿಯಾಗಿ ಕರಗದೆ ನಿಂತಿದ್ದು, ಕಡೆಗೆ ಕೊಳಕ್ಕೇ ಮರಳಿ ಸೇರಿತು. ಮದ್ರಾಸಿನವರು ಕುಡಿದ ನೀರು ಬಹುಮಟ್ಟಿಗೆ ಬಾಸ್ಟನ್ನಿನ ಸಮೀಪದ ಇತರ ಕೊಳಗಳದು.

ಮಂಜುಗಡ್ಡೆಯ ವ್ಯಾಪಾರದಲ್ಲಿ ಕೊಳದ ಹೆಸರಿಗೇ ಬೆಲೆಯೆಂಬುದಕ್ಕೆ ಒಂದು ದೃಷ್ಟಾಂತವಿದೆ. ಅದೇ ಪ್ರಾಂತದ ವೆನಂ ಎಂಬ ಸರೋವರದ ಗಡ್ಡೆಗೆ 1840ರ ದಶಕದಲ್ಲಿ ಲಂಡನ್ನಿನಲ್ಲಿ ಬಹಳ ಖ್ಯಾತಿ ಬಂದಿತು. ಅಂಗಡಿಯ ಕಿಟಕಿಯಲ್ಲಿಟ್ಟ ಗಡ್ಡೆಯನ್ನು ನೋಡಲು ಜನ ಕೂಡುತ್ತಿದ್ದರು. ಸಮೀಪದ ನಾರ್ವೆ ದೇಶದಿಂದ ಅಗ್ಗವಾಗಿ ಗಡ್ಡೆ ತರಲು ತೊಡಗಿದ ವರ್ತಕರು, ಅಲ್ಲಿಯ ಓಪೆಗೋರ್ಡ್ ಸರೋವರಕ್ಕೆ ವೆನಂ ಸರೋವರವೆಂದೇ ಹೊಸದಾಗಿ ನಾಮಕರಣ ಮಾಡಿಬಿಟ್ಟರು. ಫ್ಲಿಂಟನ ಮೇಲೆ ಅಷ್ಟು ಸಿಡಿದ ಥೋರೊ ಇದಕ್ಕೆ ಏನೆನ್ನುತ್ತಿದ್ದನೋ!

ವಾಲ್ಡನ್ನಿಗೂ ವ್ಯಾಪಾರದ ಹೆಸರು ಬರದೆ ಹೋಗಲಿಲ್ಲ. ಕೊಳದ ಪಶ್ಚಿಮದ ತುದಿಯನ್ನು ಸೋಕಿಕೊಂಡು 1844ರಲ್ಲಿ ಫಿಚ್‌ಬರ್ಗ್ ರೈಲುದಾರಿ ಹಾದುಹೋಗಿದ್ದಿತು. ರೈಲು ಕಂಪನಿಯವರು 1866ರಲ್ಲಿ ಹಳೆಯ ಮಂಜುಗಡ್ಡೆಯ ಕೊಲ್ಲಿಯಲ್ಲಿ ಉಯ್ಯಾಲೆ, ದೋಣಿ, ಭಾಷಣಮಂಟಪಗಳುಳ್ಳ ವಿಹಾರವನವನ್ನು ಸ್ಥಾಪಿಸಿದರು. ಕೊಳವೆಂದರೆ ಪಟ್ಟಣದ ಜನ ಟಿಕೆಟು ಕೊಂಡು ಬರುವರೆ? ಆದುದರಿಂದ ವಾಲ್ಡನ್ ಸರೋವರ ಎಂಬ ಗೌರವದ ಹೆಸರನ್ನು ಅವರು ಪ್ರಚಾರಪಡಿಸಿದರು. ನ್ಯೂ ಇಂಗ್ಲೆಂಡಿನ ರೂಢಿಯಲ್ಲಿ ಕೊಳವೆಂಬ ಪದವು ಕೀಳಾದುದಲ್ಲ. ಮಸಾಚುಸೆಟ್ಸಿನಲ್ಲಿ ಹತ್ತು ಎಕರೆಗೆ ಮೇಲ್ಪಟ್ಟ ಸಹಜವಾದ ಜಲಾಶಯಗಳೆಲ್ಲ ಮಹಾಕೊಳಗಳೆನಿಸಿ, ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಹೊರಟ ಶಾಸನದ ಪ್ರಕಾರ ಸಾರ್ವಜನಿಕರ ಸೊತ್ತಾಗಿವೆ. ದಡದ ನೆಲ ಯಾರದಾದರೂ ನೀರು ಎಲ್ಲರದು. ಸರೋವರವೆಂಬ ಹೆಸರು ವಿಹಾರವನದೊಡನೆಯೇ ಮುಗಿಯಿತು. 1902ರಲ್ಲಿ ಅಲ್ಲಿಯ ಕಟ್ಟಡಗಳು ಸುಟ್ಟುಹೋದುವು, ಮತ್ತೆ ಕಟ್ಟಲಿಲ್ಲ. ಜನರ ಬಾಯಲ್ಲಿ ಅದು ಕೊಳವಾಗಿಯೇ ಉಳಿಯಿತು.

ದಡದ ನೆಲದ ಒಡೆಯರಾದ ಎಮರ್ಸನ್, ಫೋರ್ಬ್ಸ್, ಹೋರ್, ಹೇವುಡ್ ಮನೆತನದವರು 1922ರಲ್ಲಿ ಸುಮಾರು 80 ಎಕರೆ ನೆಲವನ್ನು ಪ್ರಾಂತಸರ್ಕಾರಕ್ಕೆ ದಾನಮಾಡಿದರು. ಎಮರ್ಸನ್ ಮತ್ತು ಥೋರೊ ಕಂಡ ವಾಲ್ಡನ್ನನ್ನು ಹಾಗೆಯೇ ಕಾಪಾಡಬೇಕೆಂಬುದು ಒಂದು ಷರತ್ತು. ಈಜುವುದಕ್ಕೂ ದೋಣಿಗೂ ಮೀನು ಹಿಡಿಯುವುದಕ್ಕೂ ವನಭೋಜನಕ್ಕೂ ಸಾರ್ವಜನಿಕರಿಗೆ ಅವಕಾಶವಿರಬೇಕೆಂಬುದು ಇನ್ನೊಂದು. ಎರಡೂ ಸದುದ್ದೇಶಗಳೇ, ಒಂದೇ ಪತ್ರದಲ್ಲಿ ಕೂಡಿದುವೇ ಹೊರತು ನೀರಿನಲ್ಲಿ ಕೂಡಲಿಲ್ಲ. 1957ರಲ್ಲಿ ಜಿಲ್ಲೆಯ ಅಧಿಕಾರಿಗಳು ಸ್ನಾನದ ಕಟ್ಟೆಯನ್ನು ವಿಸ್ತರಿಸಲೆಂದು ಯಂತ್ರಗಳಿಂದ ಮರಗಳನ್ನು ಉರುಳಿಸಿ ದಡದ ಇಳಿಜಾರನ್ನು ಕಡಿಸಿದರು. ಊರಿನ ಕೆಲವರು ನ್ಯಾಯಸ್ಥಾನಕ್ಕೆ ಹೋದರು. ಪ್ರಾಂತದ ಶ್ರೇಷ್ಠ ನ್ಯಾಯಾಲಯವು 1960ರಲ್ಲಿ, ದಾನಪತ್ರದ ಮೊದಲ ಉದ್ದೇಶವೇ ಮುಖ್ಯವೆಂದು ತೀರ್ಪು ಕೊಟ್ಟಿತು. 1975ರಿಂದ ಪ್ರಾಂತಸರ್ಕಾರವೇ ಆಡಳಿತವನ್ನು ವಹಿಸಿಕೊಂಡು, ಒಂದು ವೇಳೆಗೆ ಸಾವಿರ ಜನಕ್ಕಿಂತ ಹೆಚ್ಚಾಗಿ ಒಳಗೆ ಬಿಡಬಾರದೆಂದು ಕಟ್ಟುಮಾಡಿತು. ಆದರೂ ವರ್ಷಕ್ಕೆ ಐದು ಲಕ್ಷದಷ್ಟು ಜನ ಬರುತ್ತಾರೆ. ಅವರಲ್ಲಿ ಗ್ರಂಥವನ್ನು ಓದಿ ಬಂದವರಿದ್ದಾರೆ. ಬಿಸಿಲಿಗೆ ಬೆಂದು ಮೀಯಲು ಬಂದವರೇ ಬೇಸಗೆಯಲ್ಲಿ ಹೆಚ್ಚು.

ಆ ಮೀಯುವಿಕೆಯ ಫಲವೇನೆಂದು 2001ರಲ್ಲಿ ಅಮೆರಿಕಾದ ಭೂವಿಜ್ಞಾನ ಸರ್ವೇಕ್ಷಣೆಯ ಇಲಾಖೆಯು ಪ್ರಕಟಿಸಿದ ವರದಿಯಿಂದ ತಿಳಿಯುತ್ತದೆ. ಹಳ್ಳವಿಲ್ಲದ ಕೊಳದ ನೀರಿನ ಲೆಕ್ಕವೂ ಅದರಲ್ಲಿದೆ. ಬರುವ ನೀರಿನಲ್ಲಿ ಅರ್ಧಕ್ಕೆ ತುಸು ಮೇಲ್ಪಟ್ಟು ಆಕಾಶದ್ದು. ಮಿಕ್ಕುದು ಪೂರ್ವದ ಕಡೆಯಿಂದ ನೆಲದೊಳಗೆ ಒಸರಿ ಬರುವುದು. ಹೋಗುವ ನೀರು ಆವಿಯಾಗಿಯೂ ಪಶ್ಚಿಮದ ದಡದ ಮರಳಿನೊಳಗೆ ಇಂಗಿಯೂ ಹೋಗುತ್ತದೆ. ಒಮ್ಮೆ ಬಂದ ನೀರು ಸರಾಸರಿಯಲ್ಲಿ ಐದು ವರ್ಷ ನಿಲ್ಲುತ್ತದೆ. ಹರಿದು ತೊಳೆದುಹೋಗುವ ಅವಕಾಶವಿಲ್ಲದ ಕಾರಣ, ಕೊಳಕ್ಕೆ ಬಿದ್ದುದು ಕೊಳದಲ್ಲಿಯೇ ಉಳಿಯುವುದೇ ಹೆಚ್ಚು. ಫಾಸ್ಫರಸ್ ಎಂಬ ರಂಜಕವು ಪಾಚಿಗೆ ಗೊಬ್ಬರ. ಬೇಸಗೆಯಲ್ಲಿ ಕೊಳಕ್ಕೆ ಸೇರುವ ರಂಜಕದಲ್ಲಿ ಅರ್ಧಕ್ಕಿಂತ ಹೆಚ್ಚು ಈಜುವವರಿಂದಲೇ ಬರುತ್ತಿರಬಹುದೆಂದು ವರದಿಯು ಅಂದಾಜುಮಾಡಿತು. ಹೇಗೆಂಬುದನ್ನು ಗೃಹಸ್ಥರ ಪತ್ರಿಕೆಯಲ್ಲಿ ವಿವರಿಸಬೇಕಾಗಿಲ್ಲ; ನೀರಿಗಿಳಿದ ಮಕ್ಕಳನ್ನು ಬಲ್ಲ ತಾಯಂದಿರಿಗೆ ತಿಳಿದೇ ಇದೆ. ಸಾರಜನಕದ ಮುಖ್ಯ ಪಾಲೊಂದು ಪೂರ್ವದ ಕಡೆಯಿದ್ದ ಶೌಚದ ಇಂಗುಗುಂಡಿಗಳಿಂದ ಅಂತರ್ಜಲದೊಡನೆ ಬರುತ್ತಿತ್ತು. 2018ರಲ್ಲಿ ಪ್ರಕಟವಾದ ಇನ್ನೊಂದು ಸಂಶೋಧನೆಯಲ್ಲಿ, ತಳದ ಕೆಸರನ್ನು ಕೊಳವೆಯಿಂದ ತೆಗೆದು ಸುಮಾರು 1800 ವರ್ಷಗಳ ಪದರಗಳನ್ನು ಪರೀಕ್ಷಿಸಿದರು. ಗಾಜಿನ ಕವಚವುಳ್ಳ ಡಯಾಟಂ ಎಂಬ ಸೂಕ್ಷ್ಮಪಾಚಿಗಳು ಶತಮಾನಗಟ್ಟಳೆ ಹೆಚ್ಚು ಬದಲಾಗದೆ ಇದ್ದು, 1920ರ ದಶಕದಿಂದ ಈಚೆಗೆ ಬೇರೆ ಜಾತಿಗಳಿಗೆ ಎಡೆಗೊಟ್ಟಿದ್ದುವು. ದಾನಪತ್ರದ ದಶಕವೂ ಅದೇ.

ಕೊಳವು ಹಾಳಾಯಿತೆಂದು ಹೇಳಿದರೆ ಅದು ಸುಳ್ಳಾಗುತ್ತದೆ. ದಡದಿಂದ ನೋಡಿದರೆ ಇಂದಿಗೂ ನೀರು ತಿಳಿಯಾಗಿಯೇ ಇದೆ. ಇದಕ್ಕೆ ಕಾರಣ ತಳದಲ್ಲಿ ಬೆಳೆಯುವ ನೈಟೆಲ್ಲಾ ಎಂಬ ನೀರುಗಿಡದ ಹುಲ್ಲುಗಾವಲು. ಅದು ಗೊಬ್ಬರವನ್ನು ತಾನು ಹೀರಿಕೊಂಡು ತೇಲುವ ಪಾಚಿಗೆ ಬಿಡದೆ ಇಟ್ಟುಕೊಂಡಿದೆ. ಆದರೆ ನೀರು ಸ್ವಲ್ಪ ಬಗ್ಗಡವಾದರೂ ಅಷ್ಟು ಆಳಕ್ಕೆ ಬೆಳಕು ಮುಟ್ಟದು. ಬೆಳಕಿಲ್ಲದೆ ನೈಟೆಲ್ಲಾ ಸತ್ತರೆ ಹಿಡಿದಿಟ್ಟಿದ್ದ ಗೊಬ್ಬರವೆಲ್ಲವೂ ನೀರಿಗೆ ಬಂದು, ಬಗ್ಗಡವು ಇಮ್ಮಡಿಸುತ್ತದೆ. ಬೇಸಗೆಯ ಕೊನೆಗೆ ತಳದ ನೀರಿನಲ್ಲಿ ಆಮ್ಲಜನಕವು ಈಗಲೇ ತೀರಿಹೋಗುತ್ತದೆ. ಥೋರೊ ಇಣಿಕಿ ಕೊಡಲಿಯನ್ನು ಕಂಡ ಆ ತಿಳಿಮೆಯು ಕಣ್ಣಿಗೆ ಬೀಳದ ಗಿಡವೊಂದರ ಉಪಕಾರದಿಂದ ನಿಂತಿದೆ.

ಇತ್ತ ಫ್ಲಿಂಟನ ಕೊಳವು ಲಿಂಕನ್ ಊರಿನವರಿಗೆ ಕುಡಿಯುವ ನೀರನ್ನು ಕೊಡುತ್ತದೆ. ಅದರಲ್ಲಿ ಯಾರೂ ಈಜಕೂಡದು, ದೋಣಿಯನ್ನೂ ಇಳಿಸಕೂಡದು. ಯಾವ ಗ್ರಂಥವೂ ಅದನ್ನು ಹೊಗಳಲಿಲ್ಲ. ಯಾತ್ರಿಕರು ಅದನ್ನು ಹುಡುಕಿಕೊಂಡು ಬರಲಿಲ್ಲ. ಹೆಸರಿಗಾಗಿ ಬೈಸಿಕೊಂಡ ನೀರು ನಲ್ಲಿಯಲ್ಲಿ ಹರಿಯುತ್ತಿದೆ. ಹೊಗಳಿಸಿಕೊಂಡ ನೀರಿನ ದಡದಲ್ಲಿ ಕಾವಲುಗಾರರು ತಲೆಯೆಣಿಸುತ್ತಿದ್ದಾರೆ.

ಥೋರೊವಿನ ಹೆಸರಿನಿಂದ ಕೊಳಕ್ಕೆ ಬಂದ ಉಪಕಾರವೂ ಇಲ್ಲದಿಲ್ಲ. 1957ರಲ್ಲಿ ನ್ಯಾಯಸ್ಥಾನಕ್ಕೆ ಹೋದವರ ಕೈಯಲ್ಲಿ ಆ ಹೆಸರಿಲ್ಲದಿದ್ದರೆ ಗೆಲ್ಲುವ ಬಗೆ ಯಾವುದಿತ್ತು? ಅದಕ್ಕಿಂತಲೂ ಪ್ರಯೋಜನಕ್ಕೆ ಬಂದುದು ಅವನು ಬರೆದಿಟ್ಟ ತಾರೀಖುಗಳು. ವಸಂತದಲ್ಲಿ ಕೊಳದ ಮಂಜುಗಡ್ಡೆಯು ಪೂರ್ತಿಯಾಗಿ ಒಡೆದು ನೀರು ತೆರೆದ ದಿನವನ್ನು ಅವನು ಗುರುತುಮಾಡುತ್ತಿದ್ದನು. 1845ರಲ್ಲಿ ಏಪ್ರಿಲ್ 1. 1846ರಲ್ಲಿ ಮಾರ್ಚಿ 25. 1847ರಲ್ಲಿ ಏಪ್ರಿಲ್ 8. 1851ರಲ್ಲಿ ಮಾರ್ಚಿ 28. 1852ರಲ್ಲಿ ಏಪ್ರಿಲ್ 18. 1853ರಲ್ಲಿ ಮಾರ್ಚಿ 23. 1854ರಲ್ಲಿ ಏಪ್ರಿಲ್ 7ರ ಸುಮಾರು. ಗ್ರಂಥವನ್ನು ರಸಕ್ಕಾಗಿ ಓದುವವರು ಈ ಸಾಲನ್ನು ಬಿಟ್ಟು ಮುಂದೆ ಹೋಗುವುದುಂಟು. ಬಾಸ್ಟನ್ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ರಿಚರ್ಡ್ ಪ್ರೈಮ್ಯಾಕನು ಬಿಡಲಿಲ್ಲ. ಅವನೂ ಅವನ ಶಿಷ್ಯರೂ ಇಪ್ಪತ್ತೊಂದನೆಯ ಶತಮಾನದಲ್ಲಿ ಕಾಂಕರ್ಡಿನ ಹೂಗಳನ್ನೂ ಹಕ್ಕಿಗಳನ್ನೂ ಮಂಜುಗಡ್ಡೆಯನ್ನೂ ಥೋರೊವಿನ ಟಿಪ್ಪಣಿಗಳೊಡನೆ ಹೋಲಿಸಿ ನೋಡಿದರು. ಥೋರೊವಿನ ಕಾಲದಲ್ಲಿ ಸಾಮಾನ್ಯವಾಗಿ ಏಪ್ರಿಲಿನ ಆದಿಯಲ್ಲಿ ತೆರೆಯುತ್ತಿದ್ದ ಕೊಳವು, ಈಗ ಅದಕ್ಕಿಂತ ಎರಡು ವಾರ ಮುಂಚೆ, ಮಾರ್ಚಿ ತಿಂಗಳ ನಡುವೆಯೇ ತೆರೆದುಬಿಡುತ್ತಿದೆ.